ಹತ್ತುವವರಿಲ್ಲದ ರೈಲಿಗೊಬ್ಬ ಅಕ್ಕ

ನಮ್ಮೂರಿನವರಿಗೆ ರೈಲೆಂದರೆ ಪ್ರಾಣ. ಎಷ್ಟು ಪ್ರಾಣವೆಂದರೆ, ಹತ್ತಿ ಕೂತು ಅದಕ್ಕೆ ಭಾರವಾಗುವುದು ಬೇಡವೆಂದು ಮೊನ್ನೆ ಮೊನ್ನೆಯವರೆಗೂ ನಾವೆಲ್ಲ ಬಸ್ಸಿನಲ್ಲೇ ಓಡಾಡಿಕೊಂಡಿದ್ದೆವು.

ಇದನ್ನು ಸ್ಟೇಷನ್ ಅಕ್ಕನ ಎದುರಿಗೆ ತಮಾಷೆಗೂ ಹೇಳುವ ಹಾಗಿರಲಿಲ್ಲ. ರೈಲು ಇಲಾಖೆಯ ಕಾಗದಗಳಲ್ಲಿ ಅವಳ ಹುದ್ದೆಗೆ ಏನೋ ಉದ್ದನೆಯ ಹೆಸರಿದೆ. ನಮ್ಮ ಪಾಲಿಗೆ ಟಿಕೆಟ್ ಕೊಡುವವಳೂ ಅವಳೇ, ಮೈಕಿನಲ್ಲಿ ಕೂಗುವವಳೂ ಅವಳೇ, ಹಸಿರು ಬಾವುಟ ಬೀಸುವವಳೂ ಅವಳೇ. ಬೆಂಚಿನ ಮೇಲೆ ಮಲಗಿದ ನಾಯಿಯನ್ನು ಎಬ್ಬಿಸಿ, ಸಮಾಧಾನ ಹೇಳಿ, ಪಕ್ಕದ ಬೆಂಚಿಗೆ ಕಳಿಸುವವಳೂ ಅವಳೇ. ಹಾಗಾಗಿ ಅವಳು ಸ್ಟೇಷನ್ ಅಕ್ಕ. ಅವಳು ಅಕ್ಕನಾದ ಮೇಲೆ ಅವಳ ಗಂಡ ಊರಿಗೆಲ್ಲ ಭಾವ. ಪೇಟೆಬೀದಿಯಲ್ಲಿ ಬೇಕರಿ ಇಟ್ಟಿರುವ ಆ ಮನುಷ್ಯನಿಗೆ ಹಲ್ಲುಬಿದ್ದ ಮುದುಕರೂ "ಭಾವ, ಒಂದು ಬನ್ನು" ಎಂದಾಗ ಮೊದಮೊದಲು ಮುಜುಗರವಾಗುತ್ತಿತ್ತು. ಈಗ ಅಭ್ಯಾಸವಾಗಿದೆ. ಭಾವನ ಬನ್ನನ್ನು ಗೋಡೆಗೆ ಮೊಳೆ ಹೊಡೆಯಲು ಬಳಸಬಹುದು ಎಂದು ಹಂಗಿಸುವ ಹಕ್ಕು ನಮಗೂ ಆ ನೆಂಟಸ್ತಿಕೆಯಿಂದಲೇ ಬಂದದ್ದು.

ಎರಡು ದೊಡ್ಡ ರೈಲುದಾರಿಗಳು ಮಾತು ಬಿಟ್ಟ ಓರಗಿತ್ತಿಯರಂತೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿಕೊಂಡು ಹೋಗುತ್ತವೆ. ಇಬ್ಬರ ನಡುವೆ ಹೋಗಿಬರುವುದೊಂದು ಉಳಿದಿರಲಿ ಎಂದು ಯಾವ ಕಾಲದಲ್ಲೋ ಯಾರೋ ಹಾಕಿಸಿದ್ದು ನಮ್ಮ ಲಿಂಕ್ ಲೈನು. ಒಂದು ತುದಿಗೆ ದೊಡ್ಡ ಜಂಕ್ಷನ್ನು, ಇನ್ನೊಂದು ತುದಿಗೆ ಸಣ್ಣ ಜಂಕ್ಷನ್ನು, ನಡುವೆ ನಾವು. ಹಿಂದೆ ಈ ಕಂಬಿಗಳ ಮೇಲೆ ಗೂಡ್ಸ್ ಗಾಡಿಗಳು ಒಂದರ ಹಿಂದೊಂದು ಉರುಳುತ್ತಿದ್ದವಂತೆ. ಲಾರಿಗಳು ಬಂದವು, ಗೂಡ್ಸ್ ಹೋಯಿತು. ಕೊನೆಗೆ ಉಳಿದದ್ದು ಒಂದೇ ಡಬ್ಬಿಯ ರೈಲು. ಎಳೆಯುವುದೂ ಅದೇ, ಎಳೆಸಿಕೊಳ್ಳುವುದೂ ಅದೇ. ಅದರ ಹೆಸರೂ ಊರಿನ ಬಾಯಲ್ಲಿ 'ಡಬ್ಬಿ' ಎಂದೇ ಆಗಿಹೋಯಿತು. ಸಂಜೆ ಅದು ದೊಡ್ಡ ಜಂಕ್ಷನ್ನಿನಿಂದ ಹೊರಟು ನಮ್ಮಲ್ಲಿ ಒಂದಷ್ಟು ಹೊತ್ತು ನಿಂತು, ಸಣ್ಣ ಜಂಕ್ಷನ್ನು ಮುಟ್ಟಿ, ಕತ್ತಲಾಗುವ ಮೊದಲೇ ಇದೇ ದಾರಿಯಲ್ಲಿ ವಾಪಸಾಗುತ್ತಿತ್ತು. ಅಷ್ಟೇ ಅದರ ದಿನಚರಿ. ದೊಡ್ಡ ಜಂಕ್ಷನ್ನಿಗೆ ಅದು ತಲುಪುವುದಕ್ಕೂ ಅಲ್ಲಿಂದ ರಾಜಧಾನಿಗೆ ಹೋಗುವ ಎಕ್ಸ್‌ಪ್ರೆಸ್ಸು ಬಾಲ ತೋರಿಸಿ ಮಾಯವಾಗುವುದಕ್ಕೂ ಸರಿಹೋಗುತ್ತಿತ್ತು. ವೇಳಾಪಟ್ಟಿ ಬರೆದ ಪುಣ್ಯಾತ್ಮನಿಗೆ ಆ ಎರಡು ರೈಲುಗಳ ನಡುವೆ ಏನು ಹಗೆ ಕಂಡಿತ್ತೋ.

ಹೀಗಾಗಿ ಡಬ್ಬಿಯಲ್ಲಿ ಪ್ರಯಾಣ ಮಾಡುವವರು ಇರಲಿಲ್ಲ. ಕೂರುವವರು ಮಾತ್ರ ಬೇಕಾದಷ್ಟಿದ್ದರು. ಡ್ರೈವರು ನಮ್ಮ ಸ್ಟೇಷನ್ನಿನಲ್ಲಿ ಇಳಿದು ನಿಧಾನಕ್ಕೆ ಚಹಾ ಕುಡಿಯುವುದು ಪದ್ಧತಿ. ಮಾತೇ ಆಡದ ಮನುಷ್ಯ, ನಾವು ಅವನಿಗಿಟ್ಟ ಹೆಸರು ಮೌನಿ. ಅವನು ಚಹಾ ಮುಗಿಸುವವರೆಗೆ ಊರಿನವರು ಡಬ್ಬಿ ಹತ್ತಿ, ಮೆತ್ತನೆಯ ಸೀಟಿನಲ್ಲಿ ಫ್ಯಾನಿನ ಕೆಳಗೆ ಕೂತು ಹರಟುತ್ತಿದ್ದರು. ಮನೆಯಲ್ಲಿ ನಡೆಸಲಾಗದ ಜಗಳಗಳನ್ನು ಅಲ್ಲಿ ಬಂದು ನಡೆಸಿದವರಿದ್ದಾರೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಮದುವೆ ಗೊತ್ತಾದದ್ದೂ ಇದೆ. ಚಹಾ ಮುಗಿದು ಮೌನಿ ಹಾರನ್ ಒತ್ತಿದನೋ, ಅಕ್ಕನ ದನಿ ಮೈಕಿನಲ್ಲಿ ಮೊಳಗುತ್ತಿತ್ತು: "ರೈಲು ಹೊರಡುತ್ತಿದೆ. ಎಲ್ಲರೂ ಹಳದಿ ಗೆರೆಯಿಂದ ಹಿಂದೆ ಸರಿಯಿರಿ." ಎಲ್ಲರೂ ಶಿಸ್ತಿನಿಂದ ಇಳಿದು ಹಳದಿ ಗೆರೆಯ ಹಿಂದೆ ನಿಂತು ಕೈಬೀಸಿ ಖಾಲಿ ರೈಲನ್ನು ಬೀಳ್ಕೊಡುತ್ತಿದ್ದೆವು. ಒಳಗೆ ಯಾರೂ ಇಲ್ಲದಿದ್ದರೇನು, ರೈಲಿಗೆ ಬೇಸರವಾಗಬಾರದಲ್ಲ.

ಅಕ್ಕನ ಅತ್ತೆಯಂತೂ ಪ್ಲಾಟ್‌ಫಾರಂ ಬೆಂಚನ್ನು ತವರಿನಿಂದ ತಂದ ಆಸ್ತಿಯ ಹಾಗೆ ನೋಡಿಕೊಳ್ಳುತ್ತಿದ್ದರು. ಮಗನ ಬೇಕರಿಯಿಂದ ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಸಂಜೆ ಬಂದು ಕೂತರೆಂದರೆ ಊರಿನ ಆ ದಿನದ ಸುದ್ದಿಯೆಲ್ಲ ಅವರ ಮಡಿಲಿಗೆ ಬಂದು ಬೀಳಬೇಕು.

"ಅತ್ತೆ, ನಿಮ್ಮನ್ನ ಒಂದು ಸಲ ಡಬ್ಬೀಲಿ ಕೂರಿಸಿ ದೊಡ್ಡ ಜಂಕ್ಷನ್ನು ತೋರಿಸ್ಕೊಂಡು ಬರ್ಲಾ?" ಎಂದು ಅಕ್ಕ ಕೇಳಿದ್ದುಂಟು.

"ನಾನ್ಯಾಕೆ ಹೋಗ್ಲಿ? ಅಲ್ಲಿರೋರು ಬೇಕಾದ್ರೆ ಇಲ್ಲಿಗೆ ಬರ್ಲಿ."

ಅತ್ತೆಯ ಮಾತಿಗೆ ಎದುರು ಹೇಳುವ ಅಭ್ಯಾಸ ಅಕ್ಕನಿಗಿರಲಿಲ್ಲ ಎಂದಲ್ಲ. ಆದರೆ ಆ ಮಾತು ಅವಳಿಗೂ ಒಪ್ಪಿಗೆಯಾದದ್ದೇ. ಒಂದು ಕೋಣೆಯನ್ನು ಮರದ ತಡಿಕೆಯಿಂದ ಎರಡು ಮಾಡಿದ ಸ್ಟೇಷನ್ನು ಅವಳದು. ಆಚೆ ಕಡೆ ಪ್ರಯಾಣಿಕರಿಗೆ, ಈಚೆ ಕಡೆ ಅವಳಿಗೆ. ತಡಿಕೆಯಲ್ಲಿ ಟಿಕೆಟ್ ಕಿಟಕಿ. ಕಿಟಕಿಯ ಕೆಳಗಿನ ಹಲಗೆ ಜನ ಮೊಣಕೈ ಊರಿ ಊರಿ ನುಣ್ಣಗಾಗಿ ಹೊಳೆಯುತ್ತಿತ್ತು. ಟಿಕೆಟ್ ಕೊಂಡವರ ಮೊಣಕೈಯಲ್ಲ, ಮಾತಾಡಲು ನಿಂತವರದು. ಯಾರ ಮಗಳಿಗೆ ಹೆರಿಗೆ ದಿನ ಹತ್ತಿರ ಬಂತು, ಯಾರ ಮನೆಯ ಬಾವಿಯಲ್ಲಿ ಬಕೀಟು ಬಿತ್ತು, ಎಲ್ಲ ಆ ಹಲಗೆಯನ್ನು ದಾಟಿಯೇ ಬರಬೇಕು. ಸಂಬಳ ಕೊಟ್ಟು ಇಷ್ಟು ಮಾತು ಕೇಳಿಸುವ ಕೆಲಸ ಬೇರೆ ಯಾರಿಗಿದೆ ಎಂದು ಅಕ್ಕನಿಗೆ ಒಳಗೊಳಗೇ ಜಂಬ.

ಆ ಜಂಬಕ್ಕೆ ಕಲ್ಲು ಬಿದ್ದದ್ದು ಮುಖ್ಯ ಕಚೇರಿಯಿಂದ ಬಂದ ಒಂದು ಫೋನಿನಿಂದ. ಲಿಂಕ್ ಲೈನನ್ನು ಮುಚ್ಚಬೇಕೋ, ಇಲ್ಲ ಹೊಸದಾಗಿ ಎಬ್ಬಿಸಬೇಕೋ ಎಂಬ ವಿಚಾರ ಮೇಲೆ ನಡೆಯುತ್ತಿದೆಯಂತೆ. ಅಧಿಕಾರಿಯೊಬ್ಬರು ಬರುವ ವಾರ ಡಬ್ಬಿಯಲ್ಲೇ ಕೂತು ಬಂದು, ಜನ ಹತ್ತುತ್ತಾರೋ ಇಲ್ಲವೋ ಕಣ್ಣಾರೆ ನೋಡುತ್ತಾರಂತೆ. ಅವರು ಹೇಳಿದ್ದೇ ಕೊನೆಯಂತೆ. ಮುಚ್ಚಿದರೆ ಅಕ್ಕನ ಕೆಲಸಕ್ಕೇನೂ ಭಯವಿಲ್ಲ, ದೊಡ್ಡ ಜಂಕ್ಷನ್ನಿನ ವಿಚಾರಣೆ ಕೌಂಟರಿಗೆ ಹಾಕುತ್ತಾರೆ.

"ಒಳ್ಳೇದಾಯ್ತಲ್ಲಮ್ಮ, ದೊಡ್ಡ ಜಾಗ!" ಎಂದು ಆ ಕಡೆಯ ದನಿ ಹರಸಿತು.

ಆ ಕೌಂಟರನ್ನು ಅಕ್ಕ ಒಮ್ಮೆ ಕಂಡಿದ್ದಳು. ಮುಂದೆ ದಪ್ಪ ಗಾಜು. ಗಾಜಿನಲ್ಲಿ ಒಂದು ತೂತು. ತೂತಿನ ಈಚೆ ಜನ ಬಗ್ಗಿ ಕಿರುಚುತ್ತಿದ್ದರು. ಆಚೆ ಕೂತ ಹೆಂಗಸು ತಲೆಯೆತ್ತದೆ "ಆರನೇ ಪ್ಲಾಟ್‌ಫಾರಂ. ಮುಂದಿನವರು ಬನ್ನಿ. ಎರಡನೇದು. ಮುಂದಿನವರು ಬನ್ನಿ" ಎನ್ನುತ್ತಿದ್ದಳು. ಯಾರೂ ಅವಳನ್ನು "ಊಟ ಆಯ್ತಾ?" ಎಂದು ಕೇಳಲಿಲ್ಲ. ಅಕ್ಕ ಕೇಳೋಣವೆಂದು ಬಗ್ಗಿದಾಗ ಹಿಂದಿದ್ದವನು "ಬೇಗ ಬೇಗ" ಎಂದು ತಿವಿದಿದ್ದ.

ಫೋನು ಬಂದ ದಿನ ಮನೆಗೆ ಬಂದು ಗಂಡನಿಗೆ ಹೇಳಿದಳು: "ರೀ, ನನ್ನ ಗಾಜಿನ ಡಬ್ಬದಲ್ಲಿ ಹಾಕಿ ಇಡ್ತಾರಂತೆ."

"ನಮ್ಮ ಅಂಗಡೀಲಿ ಕೇಕು ಇರೋದೂ ಹಾಗೇ ಅಲ್ವಾ? ನೊಣ ಕೂರಲ್ಲ," ಎಂದ ಭಾವ. ಹೆಂಡತಿಯ ಮುಖ ನೋಡಿದವನು ತಟ್ಟನೆ ದನಿ ಬದಲಾಯಿಸಿದ. "ಬೇಡ ಬಿಡು. ಊರಿನೋರನ್ನ ರೈಲು ಹತ್ತಿಸಿದ್ರೆ ಆಯ್ತಲ್ಲ. ಒಂದು ದಿನದ ಮಾತು. ಅದೇನು ದೊಡ್ಡದು?"

ಊರಿನವರನ್ನು ಹತ್ತಿಸುವುದಕ್ಕೆ ರೈಲು ಉಳಿಸುವ ಸಮಿತಿಯೊಂದು ಆಗಲೇ ಇತ್ತು. ಅದರ ಅಧ್ಯಕ್ಷರದು ಸ್ಕೂಟರ್ ಮಾರುವ ಅಂಗಡಿ. ಊರಿನ ಪ್ರತಿ ಮನೆಯ ಮುಂದೆ ನಿಂತ ಸ್ಕೂಟರು ಅವರ ಕೈಯಿಂದಲೇ ಹೋದದ್ದು. ರೈಲಿನ ಬಗ್ಗೆ ಮಾತ್ರ ಅವರಿಗೆ ಕಣ್ಣಲ್ಲಿ ನೀರು ಬರುವಷ್ಟು ಕಳಕಳಿ. ಸಭೆ ಸೇರಿದಾಗಲೆಲ್ಲ "ನಮ್ಮ ತಾತಂದಿರ ರೈಲು" ಎಂದು ಶುರುಮಾಡಿ, ನಿಲ್ಲಿಸಲು ಬ್ರೇಕು ಸಿಗದೆ ಒದ್ದಾಡುತ್ತಿದ್ದರು.

"ನೀನು ನಿಶ್ಚಿಂತೆಯಾಗಿರಮ್ಮ ತಂಗಿ," ಎಂದರು ಅಕ್ಕನಿಗೆ. ಊರಿನಲ್ಲಿ ಅವಳನ್ನು ತಂಗಿ ಎನ್ನುವವರು ಅವರೊಬ್ಬರೇ. "ಅವತ್ತು ಡಬ್ಬೀಲಿ ಕಾಲಿಡೋಕೆ ಜಾಗ ಇರಬಾರ್ದು, ಹಾಗೆ ಮಾಡ್ತೀನಿ. ಮಾಲೆ, ಬ್ಯಾಂಡು, ನನ್ನದೊಂದು ಸಣ್ಣ ಭಾಷಣ."

"ಭಾಷಣ ಬೇಕಾ ಅಣ್ಣ?"

"ಸಣ್ಣದು."

ಆ ದಿನ ಬಂತು. ಅಷ್ಟು ಜನ ಸ್ಟೇಷನ್ನಿಗೆ ಬಂದದ್ದನ್ನು ಅಕ್ಕ ಕಂಡೇ ಇರಲಿಲ್ಲ. ಟೈಲರು, ಔಷಧಿ ಅಂಗಡಿಯವರು, ಮೇಷ್ಟ್ರು, ಮೇಷ್ಟ್ರನ್ನು ಕಂಡು ಅವಿತುಕೊಳ್ಳುವ ಮಕ್ಕಳು, ಕಂಕುಳಲ್ಲಿ ಕೂಸು ಹೊತ್ತವರು, ಕೈಯಲ್ಲಿ ಕೋಲು ಹಿಡಿದವರು. ಬಂದವರೆಲ್ಲ ಟಿಕೆಟ್ ಕೊಂಡರು. ಟಿಕೆಟ್ ಯಂತ್ರ ಈ ಪಾಟಿ ಕೆಲಸ ಅಭ್ಯಾಸವಿಲ್ಲದೆ ಬಿಸಿಯಾಗಿ ನಡುವೆ ಎರಡು ಸಲ ಕೂತುಬಿಟ್ಟಿತು. ಅಕ್ಕ ಅದರ ಬೆನ್ನು ತಟ್ಟಿ ಎಬ್ಬಿಸಿದಳು.

"ಅಕ್ಕ, ಈ ಟಿಕೆಟ್ಟು ಆಮೇಲೆ ವಾಪಸ್ ತೊಗೋತಾರಾ? ನಾನು ಕಟ್ಟು ಹಾಕಿಸಿ ಗೋಡೆಗೆ ಹಾಕ್ಬೇಕು," ಎಂದ ಟೈಲರು.

"ಗೋಡೆಗೆ ಆಮೇಲೆ ಹಾಕು ತಮ್ಮ. ಮೊದ್ಲು ಹತ್ತು."

ಡಬ್ಬಿ ಬಂದು ನಿಂತಿತು. ಬ್ಯಾಂಡು ಬಾರಿಸಿದರು. ನಮ್ಮ ಜನ ಹೋ ಎಂದು ನುಗ್ಗಿ ಸೀಟು ಹಿಡಿದರು. ಹಿಡಿಯದವರು ಕಂಬಿ ಹಿಡಿದು ನಿಂತರು. ಒಳಗಿನಿಂದ ಅಧಿಕಾರಿ ಇಳಿದರು. ಸಣ್ಣ ಮೈಕಟ್ಟಿನ, ದಣಿದ ಮುಖದ ಹೆಂಗಸು. ಸ್ಟೇಷನ್ನು ಹೇಗಿದೆ ನೋಡೋಣವೆಂದು ಬ್ಯಾಗು, ನೀರಿನ ಬಾಟಲಿ ಎಲ್ಲ ಸೀಟಿನಲ್ಲೇ ಬಿಟ್ಟು ಬಂದಿದ್ದರು. ಅಧ್ಯಕ್ಷರು ಮಾಲೆ ಹಾಕಿದರು. "ನಮ್ಮ ತಾತಂದಿರ ರೈಲು" ಶುರುವಾಯಿತು. ಮೌನಿ ಎಂದಿನಂತೆ ಚಹಾದ ಲೋಟ ಹಿಡಿದು ಮೂಲೆಗೆ ಸರಿದ. ಅಕ್ಕ ಮೈಕು, ಬಾವುಟ ಸಿದ್ಧ ಮಾಡಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಳು. ತುಂಬಿ ತುಳುಕುತ್ತಿದ್ದ ಡಬ್ಬಿಯನ್ನು ಅವಳು ಕಣ್ತುಂಬ ನೋಡಿದಳು. ಇನ್ನೇನು ಬೇಕು, ಗೆದ್ದ ಹಾಗೇ ಅಲ್ಲವೇ?

ಭಾಷಣ ತಾತಂದಿರಿಂದ ಮುತ್ತಾತಂದಿರ ಕಡೆಗೆ ಹಿಂದಕ್ಕೆ ಓಡುತ್ತಿದ್ದಾಗ ಮೌನಿಯ ಚಹಾ ಮುಗಿಯಿತು. ಅವನು ಹೋಗಿ ತನ್ನ ಜಾಗದಲ್ಲಿ ಕೂತು ಹಾರನ್ ಒತ್ತಿದ.

ಆಮೇಲೆ ಆದದ್ದಕ್ಕೆ ಯಾರನ್ನು ಬೈಯುವುದು? ಹಾರನ್ ಕೇಳಿದೊಡನೆ ಅಕ್ಕನ ಕೈ ತಾನಾಗಿ ಮೈಕಿಗೆ ಹೋಯಿತು, ಬಾಯಿ ತಾನಾಗಿ ತೆರೆಯಿತು: "ರೈಲು ಹೊರಡುತ್ತಿದೆ. ಎಲ್ಲರೂ ಹಳದಿ ಗೆರೆಯಿಂದ ಹಿಂದೆ ಸರಿಯಿರಿ."

ಎಲ್ಲರೂ ಸರಿದರು. ಡಬ್ಬಿಯೊಳಗೆ ಕೂತವರು ಎದ್ದರು, ನಿಂತವರು ಇಳಿದರು. ತಳ್ಳಾಟವಿಲ್ಲ, ಗದ್ದಲವಿಲ್ಲ, ಮಕ್ಕಳನ್ನು ಮೊದಲು ಇಳಿಸಿ, ಮುದುಕರಿಗೆ ಕೈಕೊಟ್ಟು, ದಿನವೂ ಮಾಡುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಹಳದಿ ಗೆರೆಯ ಹಿಂದೆ ಸಾಲಾಗಿ ನಿಂತರು. ಮಾಲೆ ಹಾಕಿಕೊಂಡು ಬಾಗಿಲ ಕಡೆ ಹೊರಟಿದ್ದ ಅಧಿಕಾರಿಯ ತೋಳನ್ನು ಅಕ್ಕನ ಅತ್ತೆ ಹಿಡಿದು ಹಿಂದಕ್ಕೆಳೆದರು. "ಕೇಳಿಸ್ಲಿಲ್ವೇನಮ್ಮ? ಸೊಸೆ ಅಷ್ಟು ಕೂಗ್ತಿದಾಳೆ. ಹಿಂದೆ ಬಾ, ಕಾಲುಗೀಲು ಸಿಕ್ಕೀತು." ಅಕ್ಕ ಬಾವುಟ ಬೀಸಿದಳು. ಹಿಂದೆ ತಿರುಗಿ ನೋಡುವುದು ಮೌನಿಯ ಸ್ವಭಾವದಲ್ಲೇ ಇಲ್ಲ. ಡಬ್ಬಿ ಹೊರಟಿತು. ನಾವೆಲ್ಲ ಕೈಬೀಸಿದೆವು. ಬ್ಯಾಂಡಿನವರು ಇನ್ನೊಂದು ಸಲ ಬಾರಿಸಿದರು.

ಡಬ್ಬಿಯ ಕೊನೆಯ ಕಿಟಕಿ ಕಣ್ಣ ಮುಂದೆ ಹಾದುಹೋಗುವಾಗ ಒಳಗೆ ಒಂದು ಸೀಟಿನ ಮೇಲೆ ಒಂಟಿ ಬ್ಯಾಗು ಕೂತದ್ದು ಅಕ್ಕನಿಗೆ ಕಂಡಿತು. ಆಗ ಅವಳಿಗೆ ಏನಾಯಿತೆಂದು ಅರ್ಥವಾಯಿತು. ಬೀಸುತ್ತಿದ್ದ ಕೈಗಳೂ ಒಂದೊಂದಾಗಿ ಕೆಳಗಿಳಿದವು. ಡೋಲು ಹೊಡೆಯುವವನಿಗೆ ಮಾತ್ರ ಕೊನೆಗೆ ತಿಳಿದದ್ದರಿಂದ ಅವನು ಒಬ್ಬನೇ ಇನ್ನೆರಡು ಏಟು ಹೊಡೆದು ನಿಲ್ಲಿಸಿದ.

"ನಾವು ಹತ್ತಬೇಕಿತ್ತು ಅಲ್ವಾ?" ಎಂದ ಟೈಲರು.

ಅಕ್ಕ ಓಡಿಹೋಗಿ ಸಣ್ಣ ಜಂಕ್ಷನ್ನಿನವನಿಗೆ ಫೋನು ಮಾಡಿದಳು. "ಅಣ್ಣ, ಡಬ್ಬಿ ಬರ್ತಿದೆ. ಒಳಗೆ ಒಂದು ಬ್ಯಾಗಿದೆ, ಜೋಪಾನ."

"ಬ್ಯಾಗಿನೋರು?"

"ಇಲ್ಲಿದಾರೆ."

"ಬೇರೆಯೋರು? ಇವತ್ತು ಊರಿಗೂರೇ ಬರತ್ತೆ ಅಂದಿದ್ರಿ?"

"ಎಲ್ಲಾ ಇಲ್ಲೇ ಇದಾರೆ," ಎಂದು ಅಕ್ಕ ಫೋನಿಟ್ಟಳು. ಕಣ್ಣ ಮುಂದೆ ದಪ್ಪ ಗಾಜು ಬಂದು ನಿಂತಿತು, ಅದರ ತೂತಿನ ಸಮೇತ.

ಹೊರಗೆ ನಮ್ಮ ಜನ ತಪ್ಪು ತಿದ್ದುವ ಉತ್ಸಾಹದಲ್ಲಿ ಇನ್ನೂ ದೊಡ್ಡ ತಪ್ಪು ಮಾಡುತ್ತಿದ್ದರು. "ಮೇಡಂ, ನನ್ನ ಸ್ಕೂಟರಲ್ಲಿ ಬಿಡ್ತೀನಿ ಬನ್ನಿ, ರೈಲಿಗಿಂತ ಮೊದಲು ತಲುಪ್ತೀವಿ," ಎಂದ ಒಬ್ಬ. "ಸ್ಕೂಟರ್ ಯಾಕೆ, ನಮ್ಮ ಕಾರಿದೆ," ಎಂದರು ಔಷಧಿ ಅಂಗಡಿಯವರು. "ಬಸ್ಸೂ ಇದೆ ಮೇಡಂ, ಬೇಕು ಬೇಕಾದಾಗ ಸಿಗತ್ತೆ," ಎಂದ ಇನ್ನೊಬ್ಬ ಮಹಾನುಭಾವ. ಅಧ್ಯಕ್ಷರು ತಮ್ಮ ಅಂಗಡಿಯ ಹೊಸ ಮಾದರಿಯ ಗುಣಗಾನಕ್ಕೇ ಇಳಿದಿದ್ದರು.

ಅಧಿಕಾರಿ ಎಲ್ಲರ ಮುಖವನ್ನೂ ನಿಧಾನವಾಗಿ ನೋಡಿದರು. "ಎಲ್ಲರ ಹತ್ರಾನೂ ಗಾಡಿ ಇದೆ. ಬಸ್ಸೂ ಇದೆ. ಸಂತೋಷ."

ಆ 'ಸಂತೋಷ' ಕೇಳಿ ನಾವು ಯಾರೂ ಸಂತೋಷಪಡಲಿಲ್ಲ.

"ನಾನು ರೈಲಲ್ಲೇ ಹೋಗ್ತೀನಿ. ಅದು ಹೇಗೂ ತಿರುಗಿ ಬರತ್ತಲ್ಲ," ಎಂದವರು, ಅತ್ತೆ ಇಬ್ಬರು ಹುಡುಗರನ್ನು ಎಬ್ಬಿಸಿ ಬಿಡಿಸಿಕೊಟ್ಟ ಜಾಗದಲ್ಲಿ, ಅವರ ಪಕ್ಕ ಬೆಂಚಿನ ಮೇಲೆ ಕೂತು ಚಪ್ಪಲಿ ಬಿಚ್ಚಿದರು. ಮಾಲೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಅತ್ತೆ ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದು, ಮದುವೆಯಾಗಿದೆಯೇ, ಮಕ್ಕಳೆಷ್ಟು, ಗಂಡನಿಗೆ ಅಡಿಗೆ ಬರುತ್ತದೆಯೇ, ಇಷ್ಟು ತೆಳ್ಳಗಿರುವುದು ಕಾಯಿಲೆಯೋ ಸಿಟ್ಟೋ ಎಂದು ಒಂದೇ ಉಸಿರಿಗೆ ವಿಚಾರಿಸಿದರು. ಅಧಿಕಾರಿ ಎಲ್ಲಕ್ಕೂ ಉತ್ತರ ಕೊಟ್ಟರು. ತೆಳ್ಳಗಿರುವುದಕ್ಕೆ ಮಾತ್ರ "ಎರಡೂ" ಎಂದರಂತೆ.

ಅಕ್ಕ ಚಹಾ ತಂದು ಎದುರಿಗೆ ನಿಂತಳು.

"ದಿನಾನೂ ಹೀಗೇನಾ?" ಅಧಿಕಾರಿ ಕೇಳಿದರು.

ಅಧ್ಯಕ್ಷರು ಹಿಂದಿನಿಂದ ಕಣ್ಣು, ಹುಬ್ಬು, ಕೊನೆಗೆ ಕೈ ಎಲ್ಲ ಆಡಿಸಿ ಅಕ್ಕನಿಗೆ ಸನ್ನೆ ಮಾಡಿದರು. ಯಂತ್ರ ಕೆಟ್ಟಿತ್ತು ಎನ್ನಬಹುದಿತ್ತು. ಮೌನಿ ಅವಸರಪಟ್ಟ ಎನ್ನಬಹುದಿತ್ತು, ಅವನು ಹೇಗೂ ಎದುರು ಮಾತಾಡುವವನಲ್ಲ. ಅಕ್ಕನ ನಾಲಿಗೆಗೆ ಅದು ಯಾವುದೂ ಬರಲಿಲ್ಲ.

"ದಿನಾ ಇಷ್ಟು ಜನ ಬರಲ್ಲ ಮೇಡಂ. ಸುಮಾರಾಗಿ ಬರ್ತಾರೆ. ಬಂದು ಕೂತು ಮಾತಾಡ್ತಾರೆ. ನಾನು ಕೂಗಿದ ತಕ್ಷಣ ಇಳೀತಾರೆ. ಇವತ್ತೂ ನಾನೇ ಕೂಗಿದ್ದು. ಅವರದ್ದೇನೂ ತಪ್ಪಿಲ್ಲ."

"ಹತ್ತಲ್ವಾ?"

"ಹತ್ತಿ ಎಲ್ಲಿಗೆ ಹೋಗೋದು?" ಎಂದು ಅತ್ತೆ ನಡುವೆ ಬಾಯಿ ಹಾಕಿದರು. "ಕೆಲಸಕ್ಕೆ ಹೋಗೋರಿಗೆ ಬೆಳಿಗ್ಗೆ ರೈಲಿಲ್ಲ. ಸಂಜೆ ಹೋದ್ರೆ ಎಕ್ಸ್‌ಪ್ರೆಸ್ಸು ಸಿಗಲ್ಲ. ಡಬ್ಬಿ ಬರೋ ಹೊತ್ತಿಗೆ ಊರೋರಿಗೆ ಕೂರೋಕೆ ಮಾತ್ರ ಪುರುಸೊತ್ತು. ಕೂರ್ತಾರೆ."

"ಗೊತ್ತು," ಎಂದರು ಅಧಿಕಾರಿ. "ಆ ವೇಳೆ ಇಟ್ಟೋರು ನಮ್ಮೋರೇ. ಅದೂ ಗೊತ್ತು."

ಅವರು ಚಹಾ ಕುಡಿಯುತ್ತ ಸುತ್ತ ನೋಡಿದರು. ಅಷ್ಟು ಹೊತ್ತಿಗೆ ಜನ ತಮ್ಮ ತಮ್ಮ ಮಾಮೂಲಿ ಜಾಗಗಳಿಗೆ ಹಂಚಿಹೋಗಿದ್ದರು. ಮಕ್ಕಳು ಗೂಡ್ಸ್ ಕಾಲದ ಸಾಮಾನಿನ ತಕ್ಕಡಿಯ ಮೇಲೆ ಕೂತು ತಮ್ಮನ್ನು ತೂಗಿಕೊಳ್ಳುತ್ತಿದ್ದರು. ಮೇಷ್ಟ್ರು ಟೈಲರನ ಜೊತೆ ಚದುರಂಗ ಹೂಡಿದ್ದರು. ಟಿಕೆಟ್ ಕಿಟಕಿಯ ಹಲಗೆಗೆ ಇಬ್ಬರು ಹೆಂಗಸರು ಮೊಣಕೈ ಊರಿ ಒಳಗೆ ಅಕ್ಕನಿಲ್ಲದಿದ್ದರೂ ಕುರ್ಚಿಗೆ ಸುದ್ದಿ ಹೇಳುತ್ತಿದ್ದರು. ಭಾವ ತಟ್ಟೆ ತುಂಬ ಬನ್ನು ತಂದು ಹಂಚುತ್ತಿದ್ದ. ಒಂದನ್ನು ಕಡಿದ ಬ್ಯಾಂಡಿನವನು ಅದನ್ನು ಡೋಲಿಗೆ ಬಡಿದು ನೋಡುತ್ತಿದ್ದ.

"ನಾನು ಎಷ್ಟೋ ಸ್ಟೇಷನ್ನು ಮುಚ್ಚಿಸಿದೀನಿ," ಎಂದರು ಅಧಿಕಾರಿ ಮೆಲ್ಲಗೆ, ಯಾರಿಗೋ ಹೇಳುವಂತೆ. "ಹೋಗಿ ನೋಡಿದ್ರೆ ಒಂದು ನರಪಿಳ್ಳೆ ಇರ್ತಿರಲಿಲ್ಲ. ಬೀಗ ಹಾಕುವಾಗ ಯಾಕೆ ಅಂತ ಕೇಳೋರೂ ಇರ್ತಿರಲಿಲ್ಲ. ಇಲ್ಲಿ ನನಗೆ ಕೂರೋಕೆ ಜಾಗ ಬಿಡಿಸಿಕೊಡಬೇಕಾಯ್ತು. ಜನ ಸ್ಟೇಷನ್ನಿಗೆ ಬರೋ ಹಾಗೆ ಮಾಡೋದು ನಮಗೆ ಕಷ್ಟದ ಕೆಲಸ. ರೈಲಿನ ವೇಳೆ ತಿದ್ದೋದು ಅಷ್ಟು ಕಷ್ಟ ಅಲ್ಲ."

ಅಕ್ಕ ಖಾಲಿ ಲೋಟ ತೆಗೆದುಕೊಳ್ಳಲು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದಳು.

"ಮಾತು ಕೊಡ್ತಿಲ್ಲ," ಎಂದರು ಅಧಿಕಾರಿ. "ನೋಡೋಣ."

ಡಬ್ಬಿ ವಾಪಸು ಬಂತು. ಬ್ಯಾಗು ಕ್ಷೇಮವಾಗಿತ್ತು. ಈ ಸಲ ಅಕ್ಕ ಮೈಕಿನ ಸ್ವಿಚ್ಚನ್ನೇ ಮುಟ್ಟಲಿಲ್ಲ. ಬಾಯಿಗೆ ಸೆರಗು ಒತ್ತಿ ನಿಂತಳು. ಜನ ಮತ್ತೆ ನುಗ್ಗಿದರು, ಕಂಬಿಗಳನ್ನು ಬಿಗಿಯಾಗಿ ಹಿಡಿದರು. ಹಾರನ್ ಕೇಳಿದಾಗ ನಾಲ್ಕೈದು ಜನರ ಕಾಲು ಬಾಗಿಲ ಕಡೆ ಎದ್ದದ್ದೂ, ಪಕ್ಕದವರು ಅಂಗಿ ಹಿಡಿದು ಕೂರಿಸಿದ್ದೂ ಕಿಟಕಿಯಿಂದ ಕಂಡಿತು. "ನಾನ್ಯಾಕೆ" ಎನ್ನುತ್ತಿದ್ದ ಅತ್ತೆಯನ್ನೂ ಅಧಿಕಾರಿ ಕೈಹಿಡಿದು ಹತ್ತಿಸಿಕೊಂಡರು. ಬಾಗಿಲಲ್ಲಿ ನಿಂತು ಅಧಿಕಾರಿ ಅಕ್ಕನಿಗೆ ಹೇಳಿದ್ದು ಇಷ್ಟೇ: "ಇದು ಲೆಕ್ಕಕ್ಕಿಲ್ಲ."

ಊರೆಲ್ಲ ಹತ್ತಿಕೊಂಡು ಹೋದ ಮೇಲೆ ಪ್ಲಾಟ್‌ಫಾರಂ ಮೇಲೆ ಉಳಿದವರು ಅಕ್ಕ, ಭಾವ ಮತ್ತು ಆ ನಾಯಿ. ದೊಡ್ಡ ಜಂಕ್ಷನ್ನಿನಿಂದ ಆ ರಾತ್ರಿ ತಿರುಗಿ ಬರಲು ರೈಲೇ ಇಲ್ಲ ಎಂಬುದು ಆಮೇಲೆ ಎಲ್ಲರಿಗೂ ಹೊಳೆಯಿತು. ರೈಲು ಉಳಿಸಲು ಹೋದವರು ಮೂರು ಬಸ್ಸು ತುಂಬಿಕೊಂಡು ಬಂದರು. ಬಸ್ಸಿನವನು ನಮ್ಮ ಸಮಿತಿಗೆ ಇಂದಿಗೂ ಕೈಮುಗಿಯುತ್ತಾನೆ.

ಆಮೇಲಿನ ದಿನಗಳು ಅಕ್ಕನಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಫೋನು ಬಡಿದುಕೊಂಡರೆ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದಳು. ಎತ್ತಿದರೆ ಆ ಕಡೆ ಅಧ್ಯಕ್ಷರು: "ಏನಾದ್ರೂ ಗೊತ್ತಾಯ್ತಾ ತಂಗಿ?" ಕೊನೆಗೊಂದು ದಿನ ಫೋನಿನಲ್ಲಿ ಮುಖ್ಯ ಕಚೇರಿಯ ದನಿ ಬಂತು. ಒಂದು ವರ್ಷ ನೋಡುತ್ತಾರಂತೆ. ಬೆಳಿಗ್ಗೆ ಕೆಲಸದ ವೇಳೆಗೆ ಒಂದು ಓಡಾಟ. ಸಂಜೆಯದು ಎಕ್ಸ್‌ಪ್ರೆಸ್ಸಿಗಿಂತ ಮೊದಲು ದೊಡ್ಡ ಜಂಕ್ಷನ್ನು ಮುಟ್ಟುವಂತೆ. ಅಕ್ಕ ಇದ್ದಲ್ಲೇ ಇರುತ್ತಾಳೆ.

"ಆದ್ರೆ ವರ್ಷದ ಕೊನೇಲಿ ಸೀಟು ಖಾಲಿ ಇದ್ರೆ..." ಎಂದಿತು ದನಿ.

"ಇರಲ್ಲ," ಎಂದಳು ಅಕ್ಕ. ಎಲ್ಲಿಂದ ಬಂತೋ ಅಷ್ಟು ಧೈರ್ಯ.

ಧೈರ್ಯ ಮೊದಲ ವಾರವೇ ಕರಗಲು ಶುರುವಾಯಿತು. ಬೆಳಗಿನ ಡಬ್ಬಿಗೆ ಮೊದಲ ದಿನ ಎಲ್ಲರೂ ಹತ್ತಿದರು, ಎರಡನೆಯ ದಿನ ಅರ್ಧ ಊರು ಹತ್ತಿತು. ಆಮೇಲೆ ಹಾಸಿಗೆ ಗೆದ್ದಿತು. ಸಂಜೆಯ ಹರಟೆಯವರಂತೂ ಮುನಿಸಿಕೊಂಡರು. ಹೊಸ ವೇಳೆಯಲ್ಲಿ ಡಬ್ಬಿ ನಿಲ್ಲುವುದೇ ಕಡಿಮೆ. ಮೌನಿ ಚಹಾವನ್ನು ನಿಂತೇ ಕುಡಿಯುತ್ತಿದ್ದ. "ಕೂರೋಕೂ ಬಿಡಲ್ಲ ಅಂದ್ರೆ ಇದೆಂಥ ರೈಲಕ್ಕ?" ಎಂದು ಟೈಲರು ಆಕ್ಷೇಪಿಸಿದ. ಅಧ್ಯಕ್ಷರು ಅಂಗಡಿಯಲ್ಲಿ "ರೈಲು ಉಳಿದ ಖುಷಿಗೆ ಸ್ಕೂಟರ್ ಮೇಲೆ ರಿಯಾಯಿತಿ" ಎಂಬ ಬೋರ್ಡು ಹಾಕಿದರು. ಅಕ್ಕ ಹೋಗಿ ಬೈದು ತೆಗೆಸಿದಳು.

ಆದರೂ ಒಬ್ಬೊಬ್ಬರಾಗಿ ಬರತೊಡಗಿದರು. ದೊಡ್ಡ ಜಂಕ್ಷನ್ನಿನ ಆಸ್ಪತ್ರೆಯ ನರ್ಸಮ್ಮ ಮೊದಲಿಗರು. ಅವರ ಹಿಂದೆ ಗಾರೆ ಕೆಲಸದವರು, ಕಾಲೇಜಿನ ಮಕ್ಕಳು, ಬ್ಯಾಂಕಿನ ಗುಮಾಸ್ತರು. ಇವರ್ಯಾರೂ ಮೊದಲು ಸ್ಟೇಷನ್ನಿಗೆ ಹರಟೆಗೆ ಬಂದವರಲ್ಲ. ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುತ್ತಿದ್ದವರು. ಇವರಿಗೆ ಕಿಟಕಿಯ ಹಲಗೆಗೆ ಮೊಣಕೈ ಊರುವಷ್ಟು ಪುರುಸೊತ್ತಿಲ್ಲ. ಟಿಕೆಟ್ ತೊಗೊಂಡರು, ಓಡಿದರು. ಹೀಗೆ ಓಡುವವರ ಜೊತೆಗೂ ನಡುನಡುವೆ ಒಂದೊಂದು ಮಾತು ತೂರಿಸುವ ಕಲೆಯನ್ನು ಅಕ್ಕ ಕಲಿಯಬೇಕಾಯಿತು. ಚಿಲ್ಲರೆ ಎಣಿಸುವ ಅಷ್ಟು ಹೊತ್ತಿನಲ್ಲಿ ಅವಳು ಗುಮಾಸ್ತರ ಮಗನ ಪರೀಕ್ಷೆಯಿಂದ ಹಿಡಿದು ಗಾರೆಯವನ ಬೆನ್ನುನೋವಿನವರೆಗೆ ಎಲ್ಲ ತಿಳಿದುಕೊಂಡಳು.

ಒಂದು ಬೆಳಿಗ್ಗೆ ಡಬ್ಬಿ ಬರಲಿಲ್ಲ. ದಾರಿಯಲ್ಲೆಲ್ಲೋ ಮರದ ಕೊಂಬೆ ಬಿದ್ದಿತ್ತು. ಪ್ಲಾಟ್‌ಫಾರಂ ಮೇಲೆ ಜನ ಕತ್ತು ಉದ್ದ ಮಾಡಿ ನಿಂತರು, ಗಡಿಯಾರ ನೋಡಿದರು, ಅಕ್ಕನ ಕಿಟಕಿ ನೋಡಿದರು, ಮತ್ತೆ ಗಡಿಯಾರ ನೋಡಿದರು. ಕೊನೆಗೆ ನರ್ಸಮ್ಮ ಬಿರಬಿರನೆ ಬಂದು ಹಲಗೆಯನ್ನು ಗುದ್ದಿದರು.

"ಏನ್ರೀ ಇದು? ಎಲ್ಲಿ ನಿಮ್ಮ ರೈಲು? ಅಲ್ಲಿ ರಾತ್ರಿ ಡ್ಯೂಟಿಯವಳು ನನ್ನ ದಾರಿ ಕಾಯ್ತಿರ್ತಾಳೆ. ನಿಮ್ಮನ್ನ ನಂಬಿಕೊಂಡು ಬಸ್ ಪಾಸ್ ಬಿಟ್ಟೆ. ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ?"

ಅವರ ಹಿಂದೆ ಬ್ಯಾಂಕಿನ ಗುಮಾಸ್ತರು ಸೇರಿಕೊಂಡರು. "ನಮ್ಮ ಮ್ಯಾನೇಜರಿಗೆ ಏನು ಹೇಳ್ಲಿ ನಾನು? ಕೊಂಬೆ ಬಿತ್ತು ಅಂತ ಹೇಳ್ಲಾ?" ಗಾರೆಯವನೂ ತನ್ನ ಪಾಲಿನ ಎರಡು ಮಾತು ಸೇರಿಸಿದ. ಸಾಲಿನಲ್ಲಿ ಹಿಂದೆ ನಿಂತವರು ತಮ್ಮ ಸರದಿಗಾಗಿ ಮುಂದೆ ಮುಂದೆ ತಳ್ಳುತ್ತಿದ್ದರು. ಅಕ್ಕ "ತಪ್ಪಾಯ್ತು, ಈಗ ಬರತ್ತೆ, ಕೊಂಬೆ ತೆಗೀತಿದಾರೆ, ತಪ್ಪಾಯ್ತು" ಎನ್ನುತ್ತ ಎಲ್ಲರ ಕಡೆಗೂ ತಲೆಯಾಡಿಸಿದಳು. ಮುಖ ಕೆಂಪಾಗಿತ್ತು. ಡಬ್ಬಿ ಬಂತು, ಎಲ್ಲರೂ ಗೊಣಗುತ್ತ ಹತ್ತಿದರು, ಹೋಯಿತು.

ಅಕ್ಕ ಕಿಟಕಿ ಮುಚ್ಚಿ ನೆಟ್ಟಗೆ ಬೇಕರಿಗೆ ನಡೆದಳು. ಭಾವ ಒಲೆಯಿಂದ ತಟ್ಟೆ ಎಳೆಯುತ್ತಿದ್ದವನು ಹೆಂಡತಿ ಹೊತ್ತಲ್ಲದ ಹೊತ್ತಿನಲ್ಲಿ ಏದುಸಿರು ಬಿಡುತ್ತ ಬಂದದ್ದು ನೋಡಿ ಗಾಬರಿಯಾದ.

"ಏನಾಯ್ತೇ?"

"ಬೈದ್ರು ಕಣ್ರೀ! ರೈಲು ಲೇಟು ಅಂತ ಬೈದ್ರು ನನಗೆ!"

"ಯಾರು?"

"ಎಲ್ರೂ! ಸಾಲಾಗಿ ನಿಂತು ಬೈದ್ರು!" ಎಂದು ಅಕ್ಕ ಬಿಸಿ ತಟ್ಟೆಯಿಂದಲೇ ಒಂದು ಬನ್ನು ಎತ್ತಿಕೊಂಡು ಕಡಿದಳು. ಸುಟ್ಟ ಬಾಯಿಗೆ ಗಾಳಿ ಹಾಕಿಕೊಳ್ಳುತ್ತ ನಕ್ಕಳು. "ಅಷ್ಟು ವರ್ಷ ಡಬ್ಬಿ ಎಷ್ಟು ಹೊತ್ತಿಗೆ ಬಂದ್ರೂ ಒಬ್ರಾದ್ರೂ ಕೇಳಿದ್ರಾ? ಇವತ್ತು ನರ್ಸಮ್ಮ ಹಲಗೆ ಗುದ್ದಿದ ರಭಸಕ್ಕೆ ಟಿಕೆಟ್ಟಿನ ಯಂತ್ರ ಹೆದರಿ ತಾನಾಗಿ ಶುರುವಾಗಿಬಿಡ್ತು ನೋಡಿ!"

ಭಾವನಿಗೆ ಹೆಂಡತಿಯ ಈ ಸಂತೋಷ ಪೂರ್ತಿ ಅರ್ಥವಾಗಲಿಲ್ಲವಾದರೂ, ಅಂಗಡಿಗೆ ಬಂದವರಿಗೆಲ್ಲ ಅವನು ಮಧ್ಯಾಹ್ನದವರೆಗೂ ಹೆಮ್ಮೆಯಿಂದ ಹೇಳಿಕೊಂಡ: "ನಮ್ಮವಳಿಗೆ ಇವತ್ತು ಚೆನ್ನಾಗಿ ಬೈದ್ರಂತೆ."